ಹದಿನೇಳು ನಿಮಿಷದ ಬಿಸಿಲು

ಹೆಣ್ಣುಮಕ್ಕಳ, ತಂಗಿಯರ ಬಾಣಂತನಕ್ಕೆಂದು ಪರದೇಶಕ್ಕೆ ಹೋಗಿ ಬರುವ ಹೆಂಗಸರು ಈಗ ನಮ್ಮಂಥ ಸಣ್ಣ ಊರುಗಳಲ್ಲೂ ಕಡಿಮೆಯೇನಿಲ್ಲ. ಹೋಗಿ ಬಂದವರನ್ನು ಅಕ್ಕಪಕ್ಕದವರು ಕೇಳುವ ಮೊದಲ ಪ್ರಶ್ನೆ, “ಏನೇನು ನೋಡಿದಿರಿ?” ಅಂತ. ಅಮೆರಿಕಕ್ಕೆ ಹೋದವರು ಜಲಪಾತ ಅನ್ನುತ್ತಾರೆ, ಲಂಡನ್ನಿಗೆ ಹೋದವರು ಅರಮನೆ ಅನ್ನುತ್ತಾರೆ. ನಾನು ಐರ್ಲೆಂಡಿನಿಂದ ಬಂದು, “ಒಂದು ಗೋರಿ ನೋಡಿ ಬಂದೆ” ಅಂದಾಗ ನಮ್ಮ ಬೀದಿಯ ಹಿರಿಯರೊಬ್ಬರು ಮುಖ ಸಿಂಡರಿಸಿಕೊಂಡರು. “ಬಾಣಂತಿ, ಹಸುಗೂಸು ಇರೋ ಮನೆಯಿಂದ ಗೋರಿ ನೋಡೋಕೆ ಹೋದಿರೇನ್ರೀ!” ಎಂದೂ ಕೇಳಿದರು. ಅವರಿಗೆ ಎರಡು ಮಾತಿನಲ್ಲಿ ಹೇಳಲು ಆಗಲಿಲ್ಲ. ಆ ಗೋರಿ ಎಂಥದ್ದು, ಅದನ್ನು ನೋಡಿ ನಮ್ಮಿಬ್ಬರು ಅಕ್ಕತಂಗಿಯರಿಗೆ ಏನಾಯಿತು ಎಂಬುದನ್ನು ಸಾವಧಾನವಾಗಿ ಬರೆದರೆ ಸೋದರಿಯರಿಗೆ ಅರ್ಥವಾದೀತು ಅನ್ನಿಸಿ ಬರೆಯುತ್ತಿದ್ದೇನೆ.

ನನ್ನ ತಂಗಿ ಅಲ್ಲಿ ನರ್ಸ್. ಡಬ್ಲಿನ್ ನಗರದಿಂದ ಉತ್ತರಕ್ಕೆ ಸುಮಾರು ಐವತ್ತು ಕಿಲೋಮೀಟರ್ ದೂರದ ಡ್ರಾಹೆಡಾ ಎಂಬ ಊರಿನಲ್ಲಿ ಅವರ ಮನೆ. ನಮ್ಮ ದೇಶದಿಂದ, ಅದರಲ್ಲೂ ಕೇರಳ ಕರ್ನಾಟಕಗಳಿಂದ ಹೋದ ನರ್ಸುಗಳು ಐರ್ಲೆಂಡಿನ ಆಸ್ಪತ್ರೆಗಳಲ್ಲಿ ಬಹಳ ಮಂದಿ ಇದ್ದಾರೆ. 2022ರ ಸೆಪ್ಟೆಂಬರಿನಲ್ಲಿ ಅವಳಿಗೆ ಹೆಣ್ಣು ಮಗುವಾಯಿತು. ಅಮ್ಮ ಇದ್ದಿದ್ದರೆ ಅವಳೇ ಹೋಗುತ್ತಿದ್ದಳು. ಅಮ್ಮ 2021ರ ಮೇ ತಿಂಗಳಲ್ಲಿ ತೀರಿಕೊಂಡಿದ್ದಳು. ಹಾಗಾಗಿ ಅಂಟಿನುಂಡೆ, ಬಾಣಂತಿ ಲೇಹ್ಯ, ಮೆಣಸು ಜೀರಿಗೆ ಎಲ್ಲವನ್ನೂ ಕಟ್ಟಿಕೊಂಡು ನಾನು ಹೊರಟೆ. ಮೂರು ತಿಂಗಳ ವೀಸಾ.

ಅಮ್ಮ ಹೋದ ಸಮಯ ನಿಮಗೆಲ್ಲ ನೆನಪಿದೆ. ಕೊರೋನಾದ ಎರಡನೇ ಅಲೆ, ಎಲ್ಲೆಲ್ಲೂ ಲಾಕ್‌ಡೌನ್. ಅಮ್ಮನಿಗೆ ಆದದ್ದು ಹೃದಯಾಘಾತ. ಆದರೆ ವಿಮಾನಕ್ಕೆ ಕಾಯಿಲೆ ಯಾವುದಾದರೇನು? ತಂಗಿಗೆ ಬರಲಾಗಲಿಲ್ಲ. ಅಣ್ಣನ ಮಗ ಹಿಡಿದ ಮೊಬೈಲಿನಲ್ಲಿ ಅವಳು ಅಮ್ಮನ ಮುಖವನ್ನು ನಾಲ್ಕು ನಿಮಿಷ ನೋಡಿದಳು, ನೆಟ್‌ವರ್ಕ್ ಹೋಯಿತು. ಅಷ್ಟೇ. ಆಮೇಲೆ ಒಂದೂವರೆ ವರ್ಷ ಫೋನಿನಲ್ಲಿ ಎಲ್ಲ ಮಾತನಾಡುತ್ತಿದ್ದಳು, ಅಮ್ಮನ ವಿಷಯ ಮಾತ್ರ ಎತ್ತುತ್ತಿರಲಿಲ್ಲ. ನಾನು ಎತ್ತಿದರೆ, “ಅಕ್ಕ, ಕುಕ್ಕರ್ ಕೂಗ್ತಿದೆ, ಆಮೇಲೆ ಮಾಡ್ತೀನಿ” ಎನ್ನುತ್ತಿದ್ದಳು. ನಾನು ಅವಳ ಮನೆಗೆ ಹೋದ ಮೇಲೂ ಹಾಗೆಯೇ. ಎಣ್ಣೆ ಹಚ್ಚಿ ನೀರು ಹಾಕುವಾಗ, “ಅಮ್ಮ ಹೀಗೇ ತಲೆ ಒತ್ತೋಳು” ಅಂದರೆ ಕಣ್ಣು ಮುಚ್ಚಿಕೊಂಡು ಸುಮ್ಮನಿರುತ್ತಿದ್ದಳು. ಹತ್ತಿರ ಇದ್ದು ಮಣ್ಣು ಮಾಡಿದವರಿಗೆ, ಸುಟ್ಟು ಬಂದವರಿಗೆ ಹೇಗೋ ಒಂದು ಕೊನೆ ಸಿಗುತ್ತದೆ. ದೂರದಲ್ಲಿದ್ದವರಿಗೆ ಅದು ಸಿಗುವುದಿಲ್ಲ.

ನದಿಯ ಹೆಸರೇ ಬಿಳಿ ಹಸು

ಮಗುವಿಗೆ ಎರಡು ತಿಂಗಳು ತುಂಬಿದ ಮೇಲೆ, ನವೆಂಬರಿನ ಒಂದು ದಿನ, ತಂಗಿಯ ಯಜಮಾನರು, “ಅತ್ತಿಗೆ, ಬಂದಾಗಿನಿಂದ ಅಡುಗೆಮನೆ ಬಿಟ್ಟು ಆಚೆ ಬಂದಿಲ್ಲ. ಇಲ್ಲೇ ಎಂಟು ಕಿಲೋಮೀಟರಿನಲ್ಲಿ ಪಿರಮಿಡ್ಡಿಗಿಂತ ಹಳೇದು ಒಂದಿದೆ, ಬನ್ನಿ” ಎಂದರು. ಮಗುವಿಗೆ ಮೂರು ಪದರ ಬಟ್ಟೆ ಸುತ್ತಿಕೊಂಡು ನಾವೆಲ್ಲ ಹೊರಟೆವು. ನೋಡುವ ಜಾಗದ ಹೆಸರು ನ್ಯೂಗ್ರೇಂಜ್. ಮೀಥ್ ಎಂಬ ಜಿಲ್ಲೆಯಲ್ಲಿ, ಬಾಯ್ನ್ ನದಿ ಬಳುಕಿ ತಿರುಗುವ ಕಡೆ ಇದೆ. ಅಲ್ಲಿ ನ್ಯೂಗ್ರೇಂಜ್, ನೌತ್, ಡೌತ್ ಎಂಬ ಮೂರು ದೊಡ್ಡ ದಿಬ್ಬಗಳೂ ಅವುಗಳ ಸುತ್ತ ಹತ್ತಾರು ಸಣ್ಣವೂ ಇವೆ. ಇಡೀ ಪ್ರದೇಶಕ್ಕೆ ‘ಬ್ರೂ ನ ಬೋನ್ಯಾ’ ಎಂದು ಹೆಸರು. ಬಾಯ್ನ್ ನದಿಯ ಅರಮನೆ ಎಂದು ಅರ್ಥವಂತೆ. 1993ರಲ್ಲಿ ಯುನೆಸ್ಕೋದವರು ಇದನ್ನು ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿದರು.

ಆ ನದಿಯ ಕಥೆ ಕೇಳಿದರೆ ನಮ್ಮ ಪುರಾಣದ ಪುಟ ತೆರೆದ ಹಾಗೆ ಆಗುತ್ತದೆ. ನದಿಗೆ ಒಬ್ಬ ದೇವತೆ, ಹೆಸರು ಬೋಅನ್. ಆ ಹೆಸರಿನ ಅರ್ಥ ಬಿಳಿಯ ಹಸು! ಅವರ ಹಳೆಯ ಭಾಷೆಯಲ್ಲಿ ಹಸುವಿಗೆ ‘ಬೋ’ ಎನ್ನುತ್ತಾರೆ. ನಾವು ಸಂಸ್ಕೃತದಿಂದ ಪಡೆದ ‘ಗೋ’ವೂ ಆ ‘ಬೋ’ವೂ ಒಂದೇ ಬೇರಿನಿಂದ ಹುಟ್ಟಿದ ಮಾತುಗಳು ಎಂದು ಭಾಷಾಪಂಡಿತರು ಹೇಳುತ್ತಾರೆ. ಹತ್ತಿರ ಹೋಗಬಾರದೆಂದು ಕಟ್ಟು ಮಾಡಿದ್ದ ಒಂದು ಬಾವಿಗೆ ಬೋಅನ್ ಹೋಗಿ ಅಪ್ರದಕ್ಷಿಣೆ ಸುತ್ತಿದಳಂತೆ. ಬಾವಿಯ ನೀರು ಉಕ್ಕಿ ಅವಳನ್ನು ಕೊಚ್ಚಿಕೊಂಡು ಹೋಗಿ ನದಿಯಾಗಿ ಹರಿಯಿತಂತೆ. ಕಾವೇರಿ ಕಮಂಡಲದಿಂದ ಹರಿದ ಕಥೆ ಕೇಳುತ್ತಾ ಬೆಳೆದ ನನಗೆ, ಆ ತಣ್ಣನೆಯ ಊರಿನ ನದಿ ಆವತ್ತಿನಿಂದ ಪರಕೀಯ ಅನ್ನಿಸಲಿಲ್ಲ.

ಇನ್ನೊಂದು ಕಥೆ ಇನ್ನೂ ಸೊಗಸು. ಬೋಅನ್‌ಗೆ ದಾಗ್ದಾ ಎಂಬ ದೊಡ್ಡ ದೇವರಿಂದ ಮಗುವಾಗುತ್ತದೆ. ಗುಟ್ಟು ಯಾರಿಗೂ ತಿಳಿಯಬಾರದೆಂದು ಆ ದೇವರು ಸೂರ್ಯನನ್ನೇ ಒಂಬತ್ತು ತಿಂಗಳು ನಿಲ್ಲಿಸಿಬಿಡುತ್ತಾನೆ. ಹಾಗಾಗಿ ಗರ್ಭ ನಿಂತದ್ದೂ ಹೆರಿಗೆಯಾದದ್ದೂ ಒಂದೇ ದಿನ! ಬಸುರಿಯರಿಗೆ ಇದಕ್ಕಿಂತ ಒಳ್ಳೆಯ ವರ ಬೇಕೆ ಎಂದು ನಾವಿಬ್ಬರೂ ನಕ್ಕೆವು. ಹುಟ್ಟಿದ ಮಗ ಏಂಗಸ್ ದೊಡ್ಡವನಾದ ಮೇಲೆ ನ್ಯೂಗ್ರೇಂಜ್ ಮನೆಯನ್ನು “ಹಗಲು ಇರುಳು” ತನಗೆ ಕೊಡು ಎಂದು ಕೇಳುತ್ತಾನೆ. ಒಂದು ದಿನದ ಮಟ್ಟಿಗೆ ತಾನೇ ಎಂದು ಕೊಟ್ಟರೆ, ಆಮೇಲೆ ಬಿಡುವುದಿಲ್ಲ. “ಕಾಲವೆಲ್ಲ ಹಗಲು ಇರುಳಿನಿಂದಲೇ ಆಗಿದ್ದು ತಾನೇ?” ಎನ್ನುತ್ತಾನೆ. ಮೂರು ಹೆಜ್ಜೆ ಕೇಳಿದ ವಾಮನನ ಜಾಣತನ! ನಮ್ಮ ಭಾಷೆಯಲ್ಲೂ ‘ಹಗಲಿರುಳು’ ಅಂದರೆ ಸದಾಕಾಲ ಅಂತಲೇ ಅಲ್ಲವೆ?

ಕಲ್ಲು ಹೊತ್ತ ಕೈಗಳು

ನೇರವಾಗಿ ದಿಬ್ಬದ ಬಳಿಗೆ ಕಾರಿನಲ್ಲಿ ಹೋಗುವ ಹಾಗಿಲ್ಲ. ನದಿಯ ಈಚೆ ದಡದಲ್ಲಿ ಪ್ರವಾಸಿ ಕೇಂದ್ರವಿದೆ. ಅಲ್ಲಿ ಟಿಕೆಟ್ಟು ತೆಗೆದುಕೊಂಡು, ಕಾಲುಸೇತುವೆ ದಾಟಿ ಆಚೆ ಹೋದರೆ ಅವರದೇ ಬಸ್ಸು ಕರೆದುಕೊಂಡು ಹೋಗುತ್ತದೆ. ಹಸಿರು ಹೊಲಗಳ ನಡುವೆ, ಸಣ್ಣ ಏರಿನ ಮೇಲೆ, ಬೋರಲು ಹಾಕಿದ ದೊಡ್ಡ ಬಾಣಲೆಯಂತೆ ಆ ದಿಬ್ಬ ಕಾಣಿಸಿತು. ಮೇಲೆ ಹುಲ್ಲು. ಮುಂದಿನ ಗೋಡೆ ಬೆಳ್ಳಗೆ ಹೊಳೆಯುವ ಬೆಣಚುಕಲ್ಲಿನದು.

ಅದರ ಅಡ್ಡಗಲ ಸುಮಾರು 85 ಮೀಟರ್, ಎತ್ತರ ಸುಮಾರು 12 ಮೀಟರ್. ಒಂದು ಎಕರೆಯಷ್ಟು ಜಾಗ ಅನ್ನಿ. ಕಟ್ಟಿದ್ದು ಕ್ರಿಸ್ತಪೂರ್ವ 3200ರ ಸುಮಾರಿಗೆ. ಅಂದರೆ ಇಂದಿಗೆ ಐದು ಸಾವಿರದ ಇನ್ನೂರು ವರ್ಷ. ಈಜಿಪ್ಟಿನ ಗೀಜಾ ಪಿರಮಿಡ್ಡಿಗಿಂತ ಐನೂರು ವರ್ಷಕ್ಕೂ ಹೆಚ್ಚು ಹಳೆಯದು. ಆಗ ಅಲ್ಲಿನವರಿಗೆ ಕಬ್ಬಿಣ ಗೊತ್ತಿಲ್ಲ, ತಾಮ್ರ ಗೊತ್ತಿಲ್ಲ, ಗಾಡಿಯ ಚಕ್ರವೂ ಇಲ್ಲ. ಬೇಸಾಯ ಮಾಡಿ, ದನ ಸಾಕಿಕೊಂಡಿದ್ದ ಸಾಧಾರಣ ಜನ. ದಿಬ್ಬದ ಬುಡದ ಸುತ್ತ 97 ದೊಡ್ಡ ಚಪ್ಪಡಿಗಳನ್ನು ಮಲಗಿಸಿ ಕಟ್ಟೆಯಂತೆ ಜೋಡಿಸಿದ್ದಾರೆ. ಬಿಳಿಯ ಬೆಣಚುಕಲ್ಲು ಬಂದದ್ದು ಡಬ್ಲಿನ್ನಿಗೂ ಆಚೆ ದಕ್ಷಿಣದ ವಿಕ್ಲೋ ಬೆಟ್ಟಗಳಿಂದ, ನಡುನಡುವೆ ಇರುವ ಗುಂಡಗಿನ ಬೂದುಗಲ್ಲು ಬಂದದ್ದು ಉತ್ತರದ ಕಡಲತೀರದಿಂದ. ಒಂದು ಒರಳುಕಲ್ಲನ್ನು ಹಿತ್ತಿಲಿನಿಂದ ಅಂಗಳಕ್ಕೆ ತರಲು ನಾಲ್ಕು ಜನರನ್ನು ಕರೆಯುವ ನಮಗೆ ಇದೆಲ್ಲ ಊಹೆಗೂ ಸಿಕ್ಕುವುದಿಲ್ಲ.

ಬಾಗಿಲಿಗೆ ಅಡ್ಡವಾಗಿ ಒಂದು ದೊಡ್ಡ ಕಲ್ಲು ಮಲಗಿದೆ. ಅದರ ತುಂಬ ಸುರುಳಿಗಳು. ಒಂದರೊಳಗೆ ಒಂದು ಸುತ್ತಿ, ಮತ್ತೆ ಬಿಚ್ಚಿಕೊಂಡು, ಪಕ್ಕದ ಸುರುಳಿಗೆ ಸೇರುತ್ತವೆ. ಕಲ್ಲಿನಿಂದ ಕಲ್ಲನ್ನು ಕುಟ್ಟಿ ಮಾಡಿದ್ದು. ನಾನು ಬಹಳ ಹೊತ್ತು ನಿಂತು ನೋಡಿದೆ. ನಮ್ಮಲ್ಲಿ ಚುಕ್ಕಿ ಇಟ್ಟು ಬಳ್ಳಿ ಎಳೆಯುವ ರಂಗೋಲಿ ಹೇಗೆ ಕೈ ಎತ್ತದೆ ಸುತ್ತಿ ಬರುತ್ತದೋ ಹಾಗೆಯೇ ಅಲ್ಲೂ ಗೆರೆ ಕಡಿಯುವುದಿಲ್ಲ. ಈ ಸುರುಳಿಗಳ ಅರ್ಥ ಕಟ್ಟಿದವರ ಜೊತೆಯಲ್ಲೇ ಹೋಯಿತು. ಆದರೂ ಹೊಸ್ತಿಲಲ್ಲಿ ಚಿತ್ರವಿಲ್ಲದೆ ಒಳಗೆ ಹೋಗಬಾರದು ಎಂಬ ಭಾವನೆ ಅವರಿಗೂ ಇತ್ತು ಎನ್ನುವುದು ನನಗೆ ಹಿತವಾಯಿತು.

ಪಕ್ಕದ ನೌತ್ ದಿಬ್ಬದಲ್ಲಿ ಇಂಥ ಕೆತ್ತನೆ ಇನ್ನೂ ಹೆಚ್ಚು. ಪಶ್ಚಿಮ ಯೂರೋಪಿನಲ್ಲಿ ಸಿಕ್ಕಿರುವ ಅಂಥ ಹಳೆಯ ಕಲ್ಲುಚಿತ್ರಗಳಲ್ಲಿ ಕಾಲುಭಾಗಕ್ಕೂ ಹೆಚ್ಚು ಅಲ್ಲೊಂದೇ ಕಡೆ ಇವೆಯಂತೆ. ಜಾರ್ಜ್ ಓಗನ್ ಎಂಬುವರು 1962ರಲ್ಲಿ ಅಲ್ಲಿ ಅಗೆಯಲು ಶುರುಮಾಡಿ, ತಮ್ಮ ಆಯುಷ್ಯದ ಬಹುಭಾಗವನ್ನು ಅದಕ್ಕೇ ಕೊಟ್ಟರು. ಡೌತ್ ದಿಬ್ಬದ ಗತಿ ಬೇರೆ. ಹತ್ತೊಂಬತ್ತನೇ ಶತಮಾನದಲ್ಲಿ ಅವಸರದಿಂದ ಅಗೆದವರು ಅದರ ನೆತ್ತಿಯಲ್ಲಿ ದೊಡ್ಡ ಗುಂಡಿ ಬಿಟ್ಟುಹೋದರು. ಇವತ್ತಿಗೂ ಆ ಗುಂಡಿ ಹಾಗೇ ಇದೆ.

ಒಳಗಿನ ಕತ್ತಲೆ

ನ್ಯೂಗ್ರೇಂಜಿನ ಒಳಗೆ ಹಸುಗೂಸನ್ನು ಕರೆದುಕೊಂಡು ಹೋಗುವುದು ಬೇಡವೆಂದು ತಂಗಿಯ ಯಜಮಾನರು ಮಗುವಿನ ಜೊತೆ ಹೊರಗೆ ನಿಂತರು. ನಾವಿಬ್ಬರೂ ಚೀಲ ಬಿಟ್ಟು ಬಗ್ಗಿಕೊಂಡು ಒಳಗೆ ನಡೆದೆವು. ದಾರಿ ಸುಮಾರು 19 ಮೀಟರ್ ಉದ್ದ. ಎರಡೂ ಕಡೆ ನಿಲ್ಲಿಸಿದ ಕಲ್ಲುಗಳು. ಕೆಲವು ಕಡೆ ಅಡ್ಡ ತಿರುಗಿ ನುಸುಳಬೇಕು. ನಡೆಯುತ್ತಾ ನೆಲ ನಮಗೆ ಗೊತ್ತಾಗದ ಹಾಗೆ ಏರುತ್ತಾ ಹೋಗುತ್ತದೆ. ಕೊನೆಯಲ್ಲಿ ತಲೆ ಎತ್ತಿ ನಿಲ್ಲಬಹುದಾದ ಕೋಣೆ. ನಡುವೆ ನಿಂತರೆ ಮೂರು ಕಡೆ ಮೂರು ಗೂಡುಗಳು. ಗರ್ಭಗುಡಿ ಎಂಬ ಮಾತಲ್ಲದೆ ಬೇರೆ ಯಾವುದೂ ನನ್ನ ಬಾಯಿಗೆ ಬರಲಿಲ್ಲ.

ಮೇಲೆ ನೋಡಿದರೆ ಆರು ಮೀಟರ್ ಎತ್ತರಕ್ಕೆ ಚಪ್ಪಡಿಗಳನ್ನು ಒಂದರ ಮೇಲೊಂದು ಸ್ವಲ್ಪ ಸ್ವಲ್ಪ ಒಳಕ್ಕೆ ಚಾಚಿ, ತುದಿಯಲ್ಲಿ ಒಂದೇ ಕಲ್ಲಿನಿಂದ ಮುಚ್ಚಿದ್ದಾರೆ. ಗಾರೆಯಿಲ್ಲ. ಸಂದುಗಳಿಗೆ ಸುಟ್ಟ ಮಣ್ಣು, ಮರಳು ತುಂಬಿದ್ದಾರೆ. ನೀರು ಹರಿದುಹೋಗಲು ಕಲ್ಲಿನ ಮೇಲೆ ಕಾಲುವೆಗಳನ್ನೂ ಕೊರೆದಿದ್ದಾರೆ. ಐದು ಸಾವಿರ ವರ್ಷ, ಐರ್ಲೆಂಡಿನ ಮಳೆ! ಒಳಗೆ ಒಂದು ತೊಟ್ಟು ಸೋರಿಲ್ಲ. ನಮ್ಮ ಮನೆಯ ತಾರಸಿಗೆ ಹನ್ನೆರಡು ವರ್ಷದಲ್ಲಿ ಎರಡು ಸಲ ಸಿಮೆಂಟು ಬಳಿಸಿದ್ದೇವೆ.

ಗೂಡುಗಳಲ್ಲಿ ಕಲ್ಲಿನ ಅಗಲವಾದ ಹರಿವಾಣಗಳಿವೆ. ನೋಡಿದರೆ ಹಿಟ್ಟು ನಾದುವ ಬೋಗುಣಿಯಂತೆ. ಆ ಹರಿವಾಣಗಳ ಹತ್ತಿರ ಸುಟ್ಟ ಎಲುಬುಗಳೂ ಸುಡದ ಎಲುಬುಗಳೂ ಸಿಕ್ಕವಂತೆ. ಕಡೆಯ ಪಕ್ಷ ಐದು ಜನರದು. ಜೊತೆಗೆ ಕೆಲವು ಮಣಿಗಳು, ಪದಕಗಳು. ಅಷ್ಟು ದೊಡ್ಡ ದಿಬ್ಬಕ್ಕೆ ಅಷ್ಟೇ.

ಮಾರ್ಗದರ್ಶಿ ಹೆಂಗಸು ಇದನ್ನು ಹೇಳುತ್ತಿದ್ದಾಗ ತಂಗಿ ನನ್ನ ಕೈ ಹಿಡಿದುಕೊಂಡಳು. ಆಕೆ, “ಈಗ ದೀಪ ಆರಿಸುತ್ತೇನೆ, ಹೆದರಬೇಡಿ” ಎಂದರು. ದೀಪ ಆರಿತು. ಅಂಥ ಕತ್ತಲೆಯನ್ನು ನಾನು ಕಂಡಿರಲಿಲ್ಲ. ಕರೆಂಟು ಹೋದಾಗಿನ ಕತ್ತಲೆ ಅದರ ಮುಂದೆ ಬೆಳದಿಂಗಳು. ಆಮೇಲೆ ಬಾಗಿಲ ಕಡೆಯಿಂದ ನೆಲದ ಮೇಲೆ ಒಂದು ಗೆರೆ ಬೆಳಕು ಮೆಲ್ಲಗೆ ಹರಿದು ಬಂತು, ಅಗಲವಾಯಿತು, ನಮ್ಮ ಕಾಲ ಬಳಿಗೆ ಬಂದು ನಿಂತಿತು. ಅದು ವಿದ್ಯುದ್ದೀಪದ ಬೆಳಕು. ನಿಜವಾದದ್ದು ಹೇಗೆ ಬರುತ್ತದೆಂದು ಪ್ರವಾಸಿಗರಿಗೆ ಹಾಗೆ ತೋರಿಸುತ್ತಾರೆ.

ಆ ಬೆಳಕಿನಲ್ಲಿ ತಂಗಿ ಕಲ್ಲಿನ ಹರಿವಾಣವನ್ನೇ ನೋಡುತ್ತಿದ್ದಳು. ನನ್ನ ಕಿವಿಯ ಹತ್ತಿರ ಬಂದು ಕನ್ನಡದಲ್ಲಿ ಕೇಳಿದಳು, “ಅಕ್ಕ, ಅಮ್ಮಂದು ಎಷ್ಟಿತ್ತು?”

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು. ಒಂದೂವರೆ ವರ್ಷದಲ್ಲಿ ಅಮ್ಮನ ಬಗ್ಗೆ ಅವಳಾಗಿ ಕೇಳಿದ ಮೊದಲ ಮಾತು ಅದು.

ಮರೆತುಹೋಗಿದ್ದ ಕಿಂಡಿ

ಆ ನಿಜವಾದ ಬೆಳಕಿನ ಸಂಗತಿಯನ್ನು ಇಲ್ಲಿ ಹೇಳಿಬಿಡುತ್ತೇನೆ. 1699ರಲ್ಲಿ ಚಾರ್ಲ್ಸ್ ಕ್ಯಾಂಬೆಲ್ ಎಂಬ ಜಮೀನುದಾರರ ಆಳುಗಳು ರಸ್ತೆಗೆ ಕಲ್ಲು ಬೇಕೆಂದು ದಿಬ್ಬವನ್ನು ಅಗೆದಾಗ ಈ ದಾರಿ ಕಾಣಿಸಿತು. ಅಲ್ಲಿಂದ ಮುಂದೆ ಬಂದವರೆಲ್ಲ ಒಳಗೆ ಹೋಗಿ ಹೆಸರು ಗೀಚಿ ಬಂದದ್ದೂ ಉಂಟು. ಕಲ್ಲಿನ ಮೇಲೆ ಹೆಸರು ಗೀಚುವ ಚಾಳಿ ನಮ್ಮಲ್ಲಿ ಮಾತ್ರ ಅಂದುಕೊಂಡಿದ್ದೆ! 1962ರಿಂದ 1975ರವರೆಗೆ ಪ್ರೊಫೆಸರ್ ಮೈಕೆಲ್ ಓ’ಕೆಲ್ಲಿ ಅಲ್ಲಿ ಉತ್ಖನನ ನಡೆಸಿದರು. ಅವರ ಹೆಂಡತಿ ಕ್ಲೇರ್ ಓ’ಕೆಲ್ಲಿ ಕೂಡ ವಿದ್ವಾಂಸರು. ಕಲ್ಲುಗಳ ಮೇಲಿನ ಕೆತ್ತನೆಗಳನ್ನೆಲ್ಲ ಶ್ರದ್ಧೆಯಿಂದ ದಾಖಲು ಮಾಡಿದವರು ಈಕೆ.

ಬಾಗಿಲಿನ ಮೇಲೆ ಕಲ್ಲಿನ ಪೆಟ್ಟಿಗೆಯ ಹಾಗೆ ಒಂದು ಕಿಂಡಿ ಅವರಿಗೆ ಸಿಕ್ಕಿತು. ಬಾಗಿಲಿದ್ದ ಮೇಲೆ ಅದರ ಮೇಲೊಂದು ಕಿಂಡಿ ಏತಕ್ಕೆ? ಸುತ್ತಲಿನ ಹಳ್ಳಿಯವರು, ಒಂದು ದಿನ ಸೂರ್ಯ ಒಳಗೆ ಬರುತ್ತಾನೆ ಎನ್ನುತ್ತಿದ್ದರು. ಅಜ್ಜಿಕಥೆ ಎಂದು ತಳ್ಳಿಹಾಕದೆ, 1967ರ ಡಿಸೆಂಬರ್ 21ರ ಬೆಳಿಗ್ಗೆ ಓ’ಕೆಲ್ಲಿ ಆ ಕತ್ತಲ ಕೋಣೆಯಲ್ಲಿ ಹೋಗಿ ಕಾದರು. ಎಂಟು ಗಂಟೆ ಐವತ್ತೆಂಟು ನಿಮಿಷದ ಹೊತ್ತಿಗೆ, ಆಗಷ್ಟೇ ಹುಟ್ಟಿದ ಸೂರ್ಯನ ಒಂದು ಎಳೆ ಬಿಸಿಲು ಕಿಂಡಿಯಿಂದ ತೂರಿ, ಏರಿದ ನೆಲದ ಮೇಲೆ ಹರಿದು, ಕೋಣೆಯೊಳಗೆ ಬಂತು. ಹದಿನೇಳು ನಿಮಿಷ ಇತ್ತು. ಆಮೇಲೆ ಹೊರಟುಹೋಯಿತು. 

ಡಿಸೆಂಬರ್ 21 ಅಲ್ಲಿ ವರ್ಷದ ಅತಿ ಸಣ್ಣ ಹಗಲು. ಬೆಳಕಿರುವುದು ಏಳೂವರೆ ಗಂಟೆ ಮಾತ್ರ. ಮಾರನೆಯ ದಿನದಿಂದ ಹಗಲು ಬೆಳೆಯುತ್ತದೆ. ನಮ್ಮ ಲೆಕ್ಕದಲ್ಲಿ ಅದೇ ಉತ್ತರಾಯಣ. ನಾವು ಸಂಕ್ರಾಂತಿಯನ್ನು ಜನವರಿಯಲ್ಲಿ ಆಚರಿಸಿದರೂ ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರಿನಲ್ಲೇ ಎಂದು ನಮ್ಮ ಪಂಚಾಂಗ ಬಲ್ಲವರೂ ಹೇಳುತ್ತಾರೆ. ಬಹಳ ಹಿಂದೆ ಎರಡೂ ಒಂದೇ ದಿನ ಬರುತ್ತಿದ್ದವು, ಕಾಲ ಸರಿದಂತೆ ದೂರವಾಗಿವೆ. ಶರಶಯ್ಯೆಯ ಮೇಲೆ ಮಲಗಿದ್ದ ಭೀಷ್ಮರು ಪ್ರಾಣ ಬಿಡಲು ಕಾದದ್ದು ಈ ಉತ್ತರಾಯಣಕ್ಕೇ ಅಲ್ಲವೆ? ಬೆಂಗಳೂರಿನ ಗವಿ ಗಂಗಾಧರೇಶ್ವರನ ಗುಡಿಯಲ್ಲಿ ಸಂಕ್ರಾಂತಿಯ ಸಂಜೆ ನಂದಿಯ ಕೊಂಬುಗಳ ನಡುವಿನಿಂದ ಬಿಸಿಲು ಲಿಂಗದ ಮೇಲೆ ಬೀಳುವುದನ್ನು ನೀವೂ ಟೀವಿಯಲ್ಲಿ ನೋಡಿರುತ್ತೀರಿ. ಕತ್ತಲ ಕೋಣೆಗೆ ಸೂರ್ಯನನ್ನು ಕರೆಯುವ ಆಸೆ ಎಲ್ಲ ಕಡೆಯವರಿಗೂ ಒಂದೇ.

ಆದರೆ ಇಲ್ಲಿ ಕರೆದದ್ದು ಸತ್ತವರು ಇರುವ ಕೋಣೆಗೆ. ಅದೇ ನನ್ನ ಮನಸ್ಸಿಗೆ ನಾಟಿತು. ವರ್ಷದಲ್ಲಿ ಎಲ್ಲಕ್ಕಿಂತ ಕತ್ತಲಾದ ಹೊತ್ತಿನಲ್ಲಿ, ಹೋದವರ ಬಳಿಗೆ ಬಿಸಿಲು ಹೋಗಿ ಬರಲಿ ಎಂದು ಯಾರೋ ಯೋಚಿಸಿ, ನೆಲವನ್ನು ಏರಿಸಿ, ಕಿಂಡಿಯ ಅಳತೆ ಮಾಡಿ ಕಟ್ಟಿದರು. ಅವರ ಭಾಷೆ ಗೊತ್ತಿಲ್ಲ, ದೇವರು ಗೊತ್ತಿಲ್ಲ. ಈ ಮನಸ್ಸು ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ.

ಹೊಸ ಸಂಗತಿಗಳೂ ಒಂದೊಂದಾಗಿ ಹೊರಬರುತ್ತಿವೆ. 2018ರ ಬೇಸಿಗೆಯಲ್ಲಿ ಮಳೆ ಕೈಕೊಟ್ಟು ಹೊಲಗಳೆಲ್ಲ ಒಣಗಿದಾಗ, ಮೇಲಿನಿಂದ ಡ್ರೋನ್ ಹಾರಿಸಿ ನೋಡಿದವರಿಗೆ ನ್ಯೂಗ್ರೇಂಜಿನ ಬಳಿಯ ಹೊಲದಲ್ಲಿ ದೊಡ್ಡ ಹಸಿರು ವೃತ್ತ ಕಾಣಿಸಿತು. ಹಳೆಯ ಕಾಲದ ಅಗಳು, ಕಂಬದ ಕುಳಿಗಳು ಇದ್ದ ಕಡೆ ತೇವ ಉಳಿದು ಬೆಳೆ ಹಸಿರಾಗಿತ್ತು. ಬರಗಾಲವೇ ಗುಟ್ಟು ಬಿಟ್ಟುಕೊಟ್ಟಿತು! 2020ರಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ವಿಜ್ಞಾನಿಗಳು ಗೋರಿಯಲ್ಲಿ ಸಿಕ್ಕ ತಲೆಬುರುಡೆಯ ಚೂರಿನ ಡಿಎನ್‌ಎ ಪರೀಕ್ಷಿಸಿ, ಆತ ಅತಿ ಹತ್ತಿರದ ರಕ್ತಸಂಬಂಧಿಗಳಿಗೆ, ಬಹುಶಃ ಒಡಹುಟ್ಟಿದವರಿಗೆ ಹುಟ್ಟಿದವನು, ಆದ್ದರಿಂದ ರಾಜವಂಶದವನಿರಬಹುದು ಎಂದರು. 2025ರಲ್ಲಿ ಬೇರೆ ವಿದ್ವಾಂಸರು, ಒಂದು ಚೂರು ಎಲುಬಿನಿಂದ ರಾಜನನ್ನು ಕಟ್ಟಬೇಡಿ, ಅಷ್ಟಕ್ಕೆ ಆಧಾರವಿಲ್ಲ ಎಂದು ಬರೆದರು. ಎದುರಿಗಿರುವ ಬಿಳಿ ಗೋಡೆಯ ಬಗ್ಗೆಯೂ ವಾದವಿದೆ. ಬಿದ್ದಿದ್ದ ಕಲ್ಲುಗಳನ್ನು ಆರಿಸಿ ಓ’ಕೆಲ್ಲಿಯವರ ಕಾಲದಲ್ಲಿ ಎಬ್ಬಿಸಿದ್ದು ಅದು, ಮೊದಲು ಹಾಗೆ ಇರಲಿಲ್ಲ ಎನ್ನುವವರು ಅನೇಕರು. ಪಂಡಿತರು ವಾದ ಮಾಡಲಿ. ಬಿಸಿಲು ಬರುವುದರಲ್ಲಿ ವಾದವಿಲ್ಲವಲ್ಲ!

ಹೋದವರ ಮಾತು

ಹೊರಗೆ ಬಂದು ಬಸ್ಸಿಗೆ ಕಾಯುವಾಗ ತಂಗಿ ಮತ್ತೆ ಅದನ್ನೇ ಕೇಳಿದಳು. ಮಗು ಅವಳ ಮಡಿಲಿನಲ್ಲಿ ಮಲಗಿತ್ತು. ನಾನು ಹೇಳಿದೆ. “ಒಂದು ಸೇರು ಹಿಡಿಸುವ ಮಣ್ಣಿನ ಕುಡಿಕೆ, ಪುಟ್ಟಿ. ಅದೂ ಪೂರ್ತಿ ತುಂಬಿರಲಿಲ್ಲ. ಕೆಂಪು ಬಟ್ಟೆ ಕಟ್ಟಿದ್ದರು. ಲಾಕ್‌ಡೌನ್ ಮುಗಿಯೋವರೆಗೂ ತೋಟದ ಹಲಸಿನ ಮರಕ್ಕೆ ನೇತುಹಾಕಿದ್ದೆವು. ಶ್ರೀರಂಗಪಟ್ಟಣಕ್ಕೆ ಹೋಗುವಾಗ ದಾರಿಯುದ್ದ ನನ್ನ ತೊಡೆ ಮೇಲೇ ಇತ್ತು. ತುಂಬಾ ಹಗುರ.”

ಆಮೇಲೆ ಅವಳು ಒಂದೊಂದಾಗಿ ಎಲ್ಲವನ್ನೂ ಕೇಳಿದಳು. ಯಾವ ಸೀರೆ ಉಡಿಸಿದಿರಿ? ಅವಳ ಹಸಿರು ಇಳಕಲ್ ಸೀರೆ. ಕೈಯಲ್ಲಿ ಬಳೆ ಇತ್ತಾ? ಇತ್ತು. ಕೊನೆಗೆ ಏನು ತಿಂದಿದ್ದಳು? ಬೆಳಿಗ್ಗೆ ಎರಡು ಇಡ್ಲಿ, ಅರ್ಧ ಲೋಟ ಕಾಫಿ. ನನ್ನ ಹೆಸರು ಹೇಳಿದಳಾ? ಹಿಂದಿನ ರಾತ್ರಿ ಹೇಳಿದ್ದಳು, “ಅವಳಿಗೆ ಡ್ಯೂಟಿ ಮುಗಿದಿರುತ್ತಾ ಈಗ?” ಅಂತ. ಪಶ್ಚಿಮವಾಹಿನಿಯಲ್ಲಿ ನೀರು ಹೇಗಿತ್ತು? ಮುಂಗಾರು ಹಿಡಿದಿತ್ತು, ಕೆಂಪಗಿತ್ತು, ಕುಡಿಕೆ ಬಿಟ್ಟ ಕೂಡಲೇ ಕಣ್ಣಿಗೆ ಕಾಣದೆ ಹೋಯಿತು.

ತಂಗಿ ಅಳುತ್ತಲೇ ಕೇಳುತ್ತಿದ್ದಳು, ನಾನು ಅಳುತ್ತಲೇ ಹೇಳುತ್ತಿದ್ದೆ. ಬಸ್ಸಿನಲ್ಲಿದ್ದವರು ಯಾರೂ ನಮ್ಮತ್ತ ತಿರುಗಿ ನೋಡಲಿಲ್ಲ. ಒಬ್ಬಾಕೆ ಮಾತ್ರ ಮೆಲ್ಲಗೆ ಕಾಗದದ ಕರವಸ್ತ್ರದ ಪೊಟ್ಟಣವನ್ನು ನನ್ನ ಪಕ್ಕದಲ್ಲಿಟ್ಟು ಹೋದರು. ಆ ರಾತ್ರಿ ತಂಗಿ ಮಗುವಿಗೆ ಜೋಗುಳ ಹಾಡಿದಳು. ಅಮ್ಮನ ಜೋಗುಳ. ಎರಡು ತಿಂಗಳಲ್ಲಿ ಅದೇ ಮೊದಲು.

ಸಾವಿನ ವಿಷಯದಲ್ಲಿ ಆ ದೇಶದವರಿಗೆ ಒಂದು ತಿಳಿವಳಿಕೆ ಇದೆ ಅನ್ನಿಸಿತು. ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ಸೋಡಾ ಹಾಕಿ ಮಾಡುವ ಬ್ರೆಡ್ಡನ್ನು ಬಿಸಿಬಿಸಿಯಾಗಿ ಬೆಣ್ಣೆಯ ಜೊತೆ ತಂದುಕೊಡುತ್ತಿದ್ದರು, ನಾನು ನಿಪ್ಪಟ್ಟು ಕೊಡುತ್ತಿದ್ದೆ. ಅವರಲ್ಲಿ ಯಾರಾದರೂ ತೀರಿಕೊಂಡರೆ ಹೆಣವನ್ನು ಮನೆಯಲ್ಲೇ ಇಟ್ಟುಕೊಂಡು ರಾತ್ರಿಯೆಲ್ಲ ಜಾಗರಣೆ ಕೂರುವ ಪದ್ಧತಿ ಇದೆ. ಬಂದವರಿಗೆಲ್ಲ ಚಹಾ. ಹೋದವರ ಕಥೆಗಳನ್ನು ಹೇಳಿ ಅಳುತ್ತಾರೆ, ನಗುತ್ತಾರೆ ಕೂಡ. ಹಿಂದಿನ ಕಾಲದಲ್ಲಿ ಗಡಿಯಾರ ನಿಲ್ಲಿಸಿ, ಕನ್ನಡಿ ಮುಚ್ಚಿ, ಜೀವ ಹೋಗಲೆಂದು ಕಿಟಕಿ ತೆರೆದಿಡುತ್ತಿದ್ದರಂತೆ. ಸತ್ತವರ ಗುಣಗಾನ ಮಾಡಿ ಹಾಡಿಕೊಂಡು ಅಳುವ ಹೆಂಗಸರೂ ಇದ್ದರಂತೆ. ನಮ್ಮ ಹಳ್ಳಿಗಳಲ್ಲಿ ಮುದುಕಿಯರು ಹಾಡಿ ಹಾಡಿ ಅಳುವುದನ್ನು ನಾನು ಸಣ್ಣವಳಾಗಿದ್ದಾಗ ಕೇಳಿದ್ದೇನೆ. ಒಂದು ತಿಂಗಳಾದ ಮೇಲೆ ಅವರು ಚರ್ಚಿನಲ್ಲಿ ಮತ್ತೆ ಪ್ರಾರ್ಥನೆ ಮಾಡಿಸುತ್ತಾರೆ, ನಮ್ಮ ಮಾಸಿಕದ ಹಾಗೆ. ನವೆಂಬರ್ ಅವರಿಗೆ ಹಿರಿಯರ ತಿಂಗಳು. ಮನೆಯಲ್ಲಿ ತೀರಿಕೊಂಡವರ ಹೆಸರುಗಳನ್ನು ಚೀಟಿಯಲ್ಲಿ ಬರೆದು ಚರ್ಚಿಗೆ ಕೊಡುತ್ತಾರೆ, ತಿಂಗಳು ಪೂರ್ತಿ ಅವರಿಗಾಗಿ ಪ್ರಾರ್ಥನೆ ನಡೆಯುತ್ತದೆ. ನಮ್ಮ ಪಿತೃಪಕ್ಷವೇ ಅನ್ನಿ.

ನಾವು ನ್ಯೂಗ್ರೇಂಜಿಗೆ ಹೋಗಿ ಬಂದದ್ದನ್ನು ತಂಗಿ ಆ ಅಜ್ಜಿಗೆ ಹೇಳಿದಳು. ಅಮ್ಮನ ವಿಷಯವನ್ನೂ ಹೇಳಿದಳು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿಮ್ಮ ತಾಯಿಯ ಹೆಸರು ಬರೆದುಕೊಡು, ನಮ್ಮ ಚೀಟಿಯಲ್ಲಿ ಸೇರಿಸುತ್ತೇನೆ” ಎಂದರು. ತಂಗಿ ನನ್ನ ಮುಖ ನೋಡಿದಳು. ನಾನು, “ಬರೆದುಕೊಡು, ಅದರಲ್ಲೇನಿದೆ!” ಎಂದೆ. ಜೀವಮಾನದಲ್ಲಿ ಮೈಸೂರಿನಾಚೆ ಹೋಗದ ನಮ್ಮಮ್ಮನ ಹೆಸರು ಐರ್ಲೆಂಡಿನ ಒಂದು ಚರ್ಚಿನ ಚೀಟಿ ಸೇರಿತು. ಅಮ್ಮ ಕೇಳಿದ್ದರೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.

ದೂರದ ಊರುಗಳಲ್ಲಿ ಮಕ್ಕಳನ್ನು, ತಂಗಿಯರನ್ನು ಬಿಟ್ಟುಕೊಂಡಿರುವ ಸೋದರಿಯರಿಗೆ ನನ್ನದೊಂದು ಮಾತು. ಮನೆಯಲ್ಲಿ ಸಾವಾದಾಗ ಬರಲಾಗದವರ ಮುಂದೆ ಆ ಮಾತು ಎತ್ತಿದರೆ ನೊಂದುಕೊಳ್ಳುತ್ತಾರೆಂದು ನಾವು ಮುಚ್ಚಿಡುತ್ತೇವೆ. ಅವರೂ ನಮಗಾಗಿ ಮುಚ್ಚಿಡುತ್ತಾರೆ. ಅವರಿಗೆ ಬೇಕಾದದ್ದು ಸಮಾಧಾನದ ದೊಡ್ಡ ಮಾತುಗಳಲ್ಲ. ಯಾವ ಸೀರೆ, ಎಷ್ಟು ಹೊತ್ತಿಗೆ, ಯಾರ ಕೈಯಿಂದ ನೀರು ಬಿತ್ತು ಎಂಬ ಸಣ್ಣ ಸಣ್ಣ ಸಂಗತಿಗಳು. ಅವರು ಕೇಳಿದ ದಿನ ಒಂದನ್ನೂ ಬಿಡದೆ ಹೇಳಿಬಿಡಿ.

ಐರ್ಲೆಂಡಿಗೆ ಹೋಗುವ ಅವಕಾಶ ನಿಮಗೆ ಬಂದರೆ ನ್ಯೂಗ್ರೇಂಜನ್ನು ಬಿಡಬೇಡಿ. ಟಿಕೆಟ್ಟನ್ನು ಮೊದಲೇ ಕಾದಿರಿಸಿ. ಒಳಗೆ ಬಗ್ಗಿ ನಡೆಯಬೇಕಾದ್ದರಿಂದ ಸೀರೆಗಿಂತ ಚೂಡಿದಾರ್ ವಾಸಿ. ಮಂಡಿನೋವು ಇದ್ದವರು ಯೋಚಿಸಿ ಹೋಗಿ. ಒಳಗೆ ಫೋಟೋ ತೆಗೆಯುವಂತಿಲ್ಲ. ಡಿಸೆಂಬರಿನ ಆ ಬಿಸಿಲನ್ನು ಒಳಗೆ ನಿಂತು ನೋಡಬೇಕಾದರೆ ಚೀಟಿ ಎತ್ತುತ್ತಾರೆ. ಅರ್ಜಿ ಹಾಕುವವರು ಸಾವಿರಾರು, ಅದೃಷ್ಟ ಬರುವುದು ಬೆರಳೆಣಿಕೆಯವರಿಗೆ. ಅಷ್ಟಾಗಿ ಆ ದಿನ ಮೋಡವಿದ್ದರೆ ಏನೂ ಕಾಣುವುದಿಲ್ಲ! 2020ರಲ್ಲಿ ಕೊರೋನಾದಿಂದಾಗಿ ಯಾರನ್ನೂ ಒಳಗೆ ಬಿಡದೆ, ಇಂಟರ್‌ನೆಟ್ಟಿನಲ್ಲಿ ನೇರಪ್ರಸಾರ ಮಾಡಿದರು. ಹಾಗಾಗಿ ಲೋಕವೆಲ್ಲ ಮನೆಯಲ್ಲೇ ಕುಳಿತು ನೋಡುವಂತಾಯಿತು.

ನನ್ನ ವೀಸಾ ಮುಗಿದು ಡಿಸೆಂಬರಿನ ಎರಡನೇ ವಾರವೇ ಊರಿಗೆ ಬಂದುಬಿಟ್ಟೆ. ಅಲ್ಲಿನ ಬೆಳಿಗ್ಗೆ ಎಂಟು ಐವತ್ತೆಂಟು ಅಂದರೆ ನಮ್ಮ ಮಧ್ಯಾಹ್ನ ಎರಡೂ ಇಪ್ಪತ್ತೆಂಟು. ಊಟದ ಪಾತ್ರೆಗಳನ್ನು ತೊಳೆದು ಬೋರಲು ಹಾಕುವ ಹೊತ್ತು. ಆ ವರ್ಷದ ಡಿಸೆಂಬರ್ 21ರಂದು ಆ ಹೊತ್ತಿಗೆ ಸರಿಯಾಗಿ ತಂಗಿಯ ಫೋನು ಬಂತು. “ಅಕ್ಕ, ಇನ್ನೂ ಮೋಡ ಇದೆ, ಇವತ್ತು ಬರುತ್ತೋ ಇಲ್ವೋ” ಎಂದಳು. ಹಿಂದೆ ಮಗು ಕುಂಯ್‌ಗುಡುತ್ತಿತ್ತು. “ಬರಲಿ ಬಿಡಲಿ, ಮಾತಾಡ್ತಾ ಇರು” ಎಂದೆ. ಹದಿನೇಳು ನಿಮಿಷಕ್ಕೂ ಹೆಚ್ಚು ಹೊತ್ತು ಅಮ್ಮನ ಮಾತೇ ಆಯಿತು.